ಹತ್ತನೆಯ ಲೋಟ

ಕಾಲೇಜಿನಲ್ಲಿ ಅವಳನ್ನು ಎಲ್ಲರೂ ಸೌಟು ಎಂದೇ ಕರೆಯುತ್ತಿದ್ದರು. ಮೊದಲ ವರ್ಷ ಯಾರದೋ ಹುಟ್ಟುಹಬ್ಬಕ್ಕೆ ಮೂವತ್ತು ಜನಕ್ಕೆ ಅನ್ನ ಬಡಿಸಿ, ಒಬ್ಬರಿಗೂ ಹೆಚ್ಚುಕಡಿಮೆ ಮಾಡದೆ ಪಾತ್ರೆ ಖಾಲಿ ಮಾಡಿದ್ದಳು. ಅವತ್ತು ಅಂಟಿದ ಹೆಸರು. ಅವಳಿಗೇ ಏನೂ ಉಳಿದಿರಲಿಲ್ಲ ಎನ್ನುವುದನ್ನು ಯಾರೂ ಗಮನಿಸಲಿಲ್ಲ. ಮನೆಗೆ ಬಂದು ಒಣಗಿದ ಬಟ್ಟೆ ಮಡಚುವಾಗ ಹೊಟ್ಟೆ ಚುರುಗುಟ್ಟಿದ ಮೇಲೆಯೇ ಅವಳಿಗೂ ಅದು ಹೊಳೆದದ್ದು.

ಮನೆ ಎರಡು ಕೋಣೆಯದು. ಅಮ್ಮ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುತ್ತಿದ್ದಳು. ಬೆಳಿಗ್ಗೆ ಏಳಕ್ಕೆ ಹೊರಟರೆ ಸಂಜೆ ಏಳಕ್ಕೆ ಬರುವುದು. ಹಾಗಾಗಿ ಐದಕ್ಕೆ ಎದ್ದು ನೀರು ಹಿಡಿಯುವುದು, ಅಜ್ಜಿಯ ಮಾತ್ರೆ, ಅಪ್ಪನದೂ ಅಣ್ಣನದೂ ಊಟದ ಡಬ್ಬಿ, ಸಿಂಕಿನಲ್ಲಿ ಬಿದ್ದ ಪಾತ್ರೆ ಎಲ್ಲ ಇವಳ ಪಾಲು. ಓದುತ್ತಿದ್ದದ್ದು ಭೂವಿಜ್ಞಾನ. ಶಿಲೆಗಳ ಪುಸ್ತಕದ ಪುಟಪುಟದಲ್ಲೂ ಎಣ್ಣೆಯ ಬೆರಳಚ್ಚು.

ಎರಡನೆಯ ವರ್ಷ ಮೂರು ದಿನದ ಬೆಟ್ಟದ ಚಾರಣ ಕಡ್ಡಾಯ ಎಂದಾಗ ಮನೆಯಲ್ಲಿ ಸಣ್ಣ ಭೂಕಂಪವೇ ಆಯಿತು.

"ಕಲ್ಲು ನೋಡೋಕೆ ಬೆಟ್ಟಕ್ಕೆ ಯಾಕೆ ಹೋಗ್ಬೇಕೆ? ನಿನ್ನ ಅಣ್ಣನ ತಲೆ ನೋಡು, ಸಾಕು," ಅಂದಳು ಅಜ್ಜಿ.

"ಮೂರು ದಿನ ಊಟಕ್ಕೇನು ಗತಿ?" ಎಂದ ಅಣ್ಣ, ತಲೆಯ ವಿಷಯ ಕೇಳಿಸಿಕೊಳ್ಳದೆ.

"ಮಾಡಿಟ್ಟು ಹೋಗ್ತೀನಿ. ಬಿಸಿ ಮಾಡ್ಕೋ."

"ಹೇಗೆ?"

ಅವಳು ಒಂಬತ್ತು ಡಬ್ಬಿ ತುಂಬಿಸಿ, ಮೇಲೆ ವಾರದ ಹೆಸರೂ ಹೊತ್ತೂ ಬರೆದು ಫ್ರಿಜ್ಜಿನಲ್ಲಿಟ್ಟಳು. ಹೊರಡುವಾಗ ಅಮ್ಮ ಬಾಗಿಲಲ್ಲಿ ನಿಂತು, "ಹುಷಾರಮ್ಮ. ಹೊಟ್ಟೆ ತುಂಬ ತಿನ್ನು," ಎಂದಳು. ಈ ಮಾತು ಮಗಳಿಗೆ ಹೊಸದಾಗಿ ಕೇಳಿಸಿತು.

ಹೊರಟ ವಿದ್ಯಾರ್ಥಿಗಳು ಹತ್ತು ಜನ. ಮೇಷ್ಟ್ರು ಬೆಟ್ಟದ ಬುಡದಲ್ಲೇ ಮೊಣಕಾಲು ಹಿಡಿದುಕೊಂಡು ಕೂತುಬಿಟ್ಟಿದ್ದರಿಂದ ಮುಂದಾಳುತನ ಜೊತೆಗೆ ಬಂದಿದ್ದ ಕೊನೆಯ ವರ್ಷದ ಕ್ಯಾಪ್ಟನ್‌ಗೆ ಬಂತು. ಚೆಂಡಾಟದ ತಂಡದ ನಾಯಕ. ಎಲ್ಲಿಗೇ ಹೊರಟರೂ ಅಡ್ಡದಾರಿ ಹುಡುಕುವವನು. ಅವನ ಬೆನ್ನಿಗೆ ಯಾವಾಗಲೂ ಪೈಲ್ವಾನ. ಹುಡುಗಿಯರು ಇಬ್ಬರೇ, ಸೌಟು ಮತ್ತು ಅವಳ ಗೆಳತಿ ಕನ್ನಡಕ. ಸಾಮಾನು ಹಂಚುವಾಗ ಹಗ್ಗ, ನಕ್ಷೆ, ಸುತ್ತಿಗೆ ಹುಡುಗರ ಕೈಗೆ ಹೋದವು. ಪಾತ್ರೆ, ಅಕ್ಕಿ, ಚಹಾಪುಡಿ, ಬೆಂಕಿಪೊಟ್ಟಣ ಯಾರೂ ಏನೂ ಹೇಳದೆಯೇ ಸೌಟಿನ ಬೆನ್ನಿಗೆ ಬಂದವು.

ಕ್ಯಾಪ್ಟನ್ ಒಂದು ಪದ್ಧತಿ ಮಾಡಿದ. ಎಲ್ಲರೂ ಒಂದೇ ಬಣ್ಣದ ಮಳೆಯಂಗಿ ತೊಟ್ಟು ಟೋಪಿ ಎಳೆದುಕೊಂಡಿದ್ದರಿಂದ ತಲೆ ಎಣಿಸುವುದು ಕಷ್ಟ. ಅದಕ್ಕೆ ಲೋಟ ಎಣಿಸುವುದು. ಲೋಟದ ಚೀಲ ಅವನ ಹೆಗಲಲ್ಲೇ. ತಂಗಿದ ಕಡೆಯಲ್ಲೆಲ್ಲ ಚಹಾ. ಹತ್ತು ಸ್ಟೀಲ್ ಲೋಟವೂ ಕುಡಿದು ಚೀಲಕ್ಕೆ ವಾಪಸು ಬಂದರೆ ಹತ್ತು ಜನರೂ ಇದ್ದಾರೆಂದು ಅರ್ಥ, ನಡೆ ಮುಂದೆ. ಎಲ್ಲರೂ ಭಲೇ ಎಂದರು. ಕನ್ನಡಕ ಮಾತ್ರ, "ಲೋಟಕ್ಕೇನು ಕಾಲಿದೆಯಾ?" ಎಂದು ಗೊಣಗಿದಳು.

ಎರಡನೆಯ ದಿನ ಮಧ್ಯಾಹ್ನದವರೆಗೆ ಸಾಮಾನು ಹೊತ್ತ ಹೇಸರಗತ್ತೆಯವನು ಜೊತೆಗಿದ್ದ. ದಾರಿ ಕಿರಿದಾಗುವಲ್ಲಿ ನಿಂತ. ಮುಂದೆ ಪ್ರಾಣಿ ಹೋಗದು. ಹೊರಡುವ ಮೊದಲು ಕೈ ಚಾಚಿ ತೋರಿಸಿದ.

"ಇದು ಕುದುರೆ ಲಾಳದ ಹಾಗೆ ಸುತ್ತೋ ದಾರಿ. ಆ ಕಡೆ ಕಾಣ್ತಿದೆಯಲ್ಲ, ಅಲ್ಲಿಗೆ ಕೂಗಿದ್ರೆ ಕೇಳುತ್ತೆ. ನಡೆದ್ರೆ ಅರ್ಧ ಗಂಟೆ. ಮಧ್ಯೆ ಕಮರಿ. ಅಂಚಿನ ತುಂಬ ಪೊದೆ ಬೆಳೆದು ಇಳಿಜಾರಿನ ಹಾಗೆ ಕಾಣುತ್ತೆ, ಆದ್ರೆ ಪೊದೆ ಕೆಳಗೆ ನೆಲ ಇಲ್ಲ. ಮಂಜು ಬಂದ್ರೆ ಬಂಡೆ ಗೋಡೆಗೆ ಕೈ ಹಚ್ಚಿಕೊಂಡೇ ನಡೀರಿ. ದನಿ ಬಂದ ಕಡೆಗೆ ನೇರ ಹೋದವರು ಇಬ್ಬರು ಇದ್ರು."

"ಇದ್ರು ಅಂದ್ರೆ?" ಪೈಲ್ವಾನ ಕೇಳಿದ.

"ಇದ್ರು," ಎಂದು ಹೇಸರಗತ್ತೆಯವನು ಕತ್ತೆಗಳನ್ನು ಹಿಂದಕ್ಕೆ ತಿರುಗಿಸಿದ.

ಲಾಳದ ಈ ತುದಿಯಲ್ಲೊಂದು ಚಪ್ಪಟೆ ಬಂಡೆ. ಅಲ್ಲಿ ಚಹಾ ಕಾಸಿದರು. ಸೌಟು ಒಂಬತ್ತು ಜನಕ್ಕೂ ಕೊಟ್ಟು ಹತ್ತನೆಯದನ್ನು ತನಗೆಂದು ಬದಿಗಿಟ್ಟಳು. ಪಾತ್ರೆಯ ತಳ ಹೊತ್ತಿಹೋಗಿತ್ತು. ಈಗಲೇ ಉಜ್ಜದಿದ್ದರೆ ರಾತ್ರಿಯ ಅನ್ನಕ್ಕೆ ಸೀದ ವಾಸನೆ.

"ಬಿಡೇ, ಕುಡ್ದೋರು ತೊಳೀಲಿ," ಎಂದಳು ಕನ್ನಡಕ.

"ಅವ್ರು ತೊಳೆದ ಪಾತ್ರೆ ಮತ್ತೆ ನಾನು ತೊಳೀಬೇಕು. ಒಂದೇ ಸಲ ಆಗ್ಲಿ," ಎಂದು ನಕ್ಕು, ಬೆನ್ನ ಚೀಲದ ಸಮೇತ ಬಂಡೆಯ ಹಿಂದಿನ ತೊರೆಗೆ ಇಳಿದಳು.

ಅವಳು ಮರಳಿನಲ್ಲಿ ಪಾತ್ರೆ ತಿಕ್ಕುತ್ತಿದ್ದಾಗ ಮೇಲೆ ಪೈಲ್ವಾನ ಇನ್ನೊಂದು ಚಹಾ ಬೇಕೆಂದ. ಬದಿಯಲ್ಲಿ ತುಂಬಿದ ಲೋಟ ಇತ್ತಲ್ಲ, ಕುಡಿದ. ಲೋಟದ ಚೀಲಕ್ಕೆ ಹಾಕಿದ. ಕೆಳಗಿನ ಕಣಿವೆಯಿಂದ ಮಂಜು ಮೇಲೇರತೊಡಗಿತ್ತು. ಕ್ಯಾಪ್ಟನ್ ಅವಸರದಲ್ಲಿ ಲೋಟ ಎಣಿಸಿದ. ಹತ್ತು. ಮುಂದೆ ನಡೆದಿದ್ದ ಕನ್ನಡಕ, ಗೆಳತಿ ಹಿಂದಿದ್ದಾಳೆ ಎಂದುಕೊಂಡಳು. ಹಿಂದಿದ್ದವರು, ಮುಂದಿದ್ದಾಳೆ ಎಂದುಕೊಂಡರು.

ಪಾತ್ರೆ ಬೆಳಗಿಕೊಂಡು ಅವಳು ಮೇಲೆ ಬಂದಾಗ ಬಂಡೆಯ ಮೇಲೆ ಯಾರೂ ಇರಲಿಲ್ಲ. ಬಂಡೆಯೇ ಅರ್ಧ ಇರಲಿಲ್ಲ. ಮಂಜು ಅಷ್ಟು ಹತ್ತಿರ ಬಂದಿತ್ತು.

ಮೊದಲು ತಮಾಷೆ ಅಂದುಕೊಂಡಳು. "ಸಾಕು ಬನ್ರೋ," ಎಂದಳು. ಮಾತು ಹತ್ತಿಯೊಳಗೆ ಸೂಜಿಯಂತೆ ಸದ್ದಿಲ್ಲದೆ ಹೋಯಿತು. ಚಾಚಿದ ತನ್ನ ಕೈಯ ಬೆರಳು ತನಗೇ ಕಾಣಲಿಲ್ಲ. ತಡಕಾಡಿ ಗೋಡೆ ಮುಟ್ಟಿದಳು. ಬೆನ್ನು ಕೊಟ್ಟು ಕೂತಳು. ಹೊದಿಕೆ ಪೈಲ್ವಾನನ ಚೀಲದಲ್ಲಿತ್ತು. ಮಳೆಯಂಗಿಯೊಳಗೆ ಬೆವರು ತಣ್ಣಗಾಗಿ ಮೈ ನಡುಗಲು ಶುರುವಾಯಿತು. ಪುಳ್ಳೆ, ಒಣಕಡ್ಡಿ ಹುಡುಕಿ ಬೆಂಕಿ ಹಾಕಲೂ, ಒಬ್ಬಳೇ ಈ ದಾರಿ ಹಿಡಿಯಲೂ ಧೈರ್ಯವಿರಲಿಲ್ಲ. ಗೋಡೆ ಎಲ್ಲೆಲ್ಲಿ ತುಂಡಾಗುತ್ತದೋ ಗೊತ್ತಿಲ್ಲ. ಅವರು ನೆನಪು ಮಾಡಿಕೊಳ್ಳಬೇಕು. ಯಾವಾಗ ಮಾಡಿಕೊಳ್ಳುತ್ತಾರೆ ಎಂದು ಯೋಚಿಸಿದಳು. ಉತ್ತರ ಹೊಳೆದಾಗ ಚಳಿಗಿಂತ ಹೆಚ್ಚು ಕೊರೆಯಿತು: ಹಸಿದಾಗ.

ಹಾಗೆಯೇ ಆಯಿತು. ಗಂಟೆಗೂ ಮೇಲಾಗಿತ್ತು. ಎದುರಿನ ಬಿಳಿಯಿಂದ ದನಿ ಬಂತು, ಪಕ್ಕದ ಮನೆಯಿಂದ ಕರೆದಷ್ಟು ಹತ್ತಿರ.

"ಸೌಟೂ! ಎಲ್ಲಿದ್ದೀಯೇ? ಅಕ್ಕಿ, ಬೆಂಕಿಪೊಟ್ಟಣ ಎಲ್ಲ ನಿನ್ನ ಹತ್ರಾನೇ ಇದೆ!"

ಕ್ಯಾಪ್ಟನ್. ಅವಳು ಬಾಯಿ ತೆರೆದಳು, ಮುಚ್ಚಿಕೊಂಡಳು. ದನಿ ಬಂದದ್ದು ದಾರಿಯ ಕಡೆಯಿಂದಲ್ಲ. ಕಮರಿಯ ಆಚೆಯಿಂದ, ನೇರ. ಓ ಎಂದರೆ ಅವನು ನೇರ ಬರುತ್ತಾನೆ. ಸುಮ್ಮನಿದ್ದರೆ ಇಲ್ಲಿಲ್ಲವೆಂದು ಹೊರಟುಹೋಗುತ್ತಾರೆ, ಬೆಳಗಿನವರೆಗೆ ತಾನು ಉಳಿಯುವುದಿಲ್ಲ.

ಪೊದೆ ಸರಸರ ಎಂದಿತು. ಒಂದು ಕಲ್ಲು ಉರುಳಿತು. ಅವಳು ಕಿವಿಗೊಟ್ಟಳು. ಕಲ್ಲು ತಳ ಮುಟ್ಟಿದ ಸದ್ದು ಬರಲೇ ಇಲ್ಲ.

"ನಿಲ್ರೋ!" ಎಂದು ಅರಚಿದಳು. "ಅಲ್ಲೇ ಕೂತ್ಕೊಳ್ಳಿ ಎಲ್ಲರೂ! ಮುಂದೆ ಕಮರಿ!"

"ಓಹೋ, ಇಲ್ಲೇ ಇದ್ದೀಯಾ! ಏನಮ್ಮ, ನೀನೇ ಕ್ಯಾಪ್ಟನ್ ಆಗ್ಬಿಟ್ಯಾ? ಹತ್ತು ಹೆಜ್ಜೆ, ಬಂದೆ—"

ಮತ್ತೆ ಪೊದೆ. ಆಮೇಲೆ ಮನುಷ್ಯನ ಗಂಟಲಿನಿಂದ ಬಂದದ್ದೆಂದು ನಂಬಲಾಗದ ಒಂದು ಕೂಗು. "ಹಿಡ್ಕೊಂಡೆ, ಹಿಡ್ಕೊಂಡೆ!" ಎಂದು ಪೈಲ್ವಾನ. ಅದರ ಹಿಂದೆಯೇ ಲೋಟದ ಚೀಲ ಬಿದ್ದ ಸದ್ದು. ಠಣ್, ಠಣ್, ಇನ್ನೂ ಕೆಳಗೆ, ಇನ್ನೂ ಸಣ್ಣಗೆ, ಬಹಳ ಹೊತ್ತು.

"ದಾರಿ ಹಿಡಿದು ಸುತ್ತಿ ಬನ್ನಿ," ಎಂದಳು ಅವಳು. "ಗೋಡೆಗೆ ಕೈ ಹಚ್ಚಿಕೊಂಡು."

ಬಂದದ್ದು ಕನ್ನಡಕ ಒಬ್ಬಳೇ, ಅರ್ಧ ಗಂಟೆ ಬಿಟ್ಟು. ಅಂಗೈಯೆಲ್ಲ ತರಚಿತ್ತು. ಬಂದವಳೇ ಗೆಳತಿಯನ್ನು ತಬ್ಬಿ ಅತ್ತಳು, ಆಮೇಲೆ ಬೈದಳು, ಆಮೇಲೆ ಹೇಳಿದಳು:

"ಮಿಕ್ಕವರು ಅಲ್ಲೇ ಅಂಚಲ್ಲಿ ಕೂತಿದ್ದಾರೆ. ಕ್ಯಾಪ್ಟನ್ ಮಹಾರಾಯನ ಕಾಲು ಗಡಗಡ ನಡುಗ್ತಿದೆ, ಆದ್ರೂ ಬಾಯಿ ನಿಂತಿಲ್ಲ. ಸುತ್ತಿ ಬರೋಕೆ ಆಗಲ್ಲ ಅಂತೆ. ನೀನು ಬೆಂಕಿ ಹಾಕ್ಬೇಕಂತೆ. ಬೆಳಕು ಕಂಡ್ರೆ ಯಾವ ಕಡೆ ನೆಲ ಇದೆ ಅಂತ ಗೊತ್ತಾಗುತ್ತಂತೆ."

"ಬೆಳಕು ಕಂಡ್ರೆ ನೇರ ಬರ್ತಾನೆ."

"ಬರ್ತಾನೆ. ಅವನ ಹಿಂದೆ ಎಲ್ಲರೂ ಬರ್ತಾರೆ."

ಹೊತ್ತು ಇಳಿಯುತ್ತಿತ್ತು. ಮಂಜು ಬೂದಿ ಬಣ್ಣಕ್ಕೆ ತಿರುಗಿತ್ತು. ಬೆಂಕಿಪೊಟ್ಟಣ ಅವಳ ಒಳಜೇಬಿನಲ್ಲಿ, ಪ್ಲಾಸ್ಟಿಕ್ಕಿನಲ್ಲಿ, ಬೆಚ್ಚಗಿತ್ತು. ಇಬ್ಬರ ಹಲ್ಲೂ ಕಟಕಟ ಕಡಿಯುತ್ತಿದ್ದವು. ಬೆರಳು ಮರಗಟ್ಟಿದ್ದವು.

"ಬೆಂಕಿ ಹಚ್ಚೇ!" ಆಚೆಯಿಂದ ಕ್ಯಾಪ್ಟನ್ ಕೂಗಿದ. "ಎಷ್ಟೊತ್ತು?"

ಅವಳು ಬಾಯಿಗೆ ಎರಡೂ ಕೈ ಹಿಡಿದು ಕೂಗಿದಳು. "ಕಡ್ಡಿ ಒದ್ದೆಯಾಗಿವೆ! ಒಂದೂ ಹತ್ತುತ್ತಿಲ್ಲ!"

ಬೈಗುಳ ಶುರುವಾಯಿತು. ಒಂದು ಬೆಂಕಿಪೊಟ್ಟಣ ಕಾಯೋಕೆ ಆಗಲ್ವಾ, ಇಂಥವಳ ಕೈಗೆ ಕೊಟ್ಟಿದ್ದೇ ತಪ್ಪು, ಬೆಳಿಗ್ಗೆ ಯಾರ ದರಿದ್ರ ಮುಖ ನೋಡಿದ್ದೆನೋ. ಅಪ್ಪ ಉಪ್ಪು ಹೆಚ್ಚಾದಾಗ ಬೈಯುವ ಧಾಟಿಯೇ. ಅವಳು ಆ ಬೈಗುಳ ಮೆಲ್ಲಗೆ ಎಡಕ್ಕೆ ಸರಿಯುತ್ತಿರುವುದನ್ನು ಕೇಳುತ್ತ ಕೂತಳು. ಎಡಕ್ಕೆ ಇದ್ದದ್ದು ದಾರಿ.

ನಡುವೆ ಎಲ್ಲೋ ಬೈಗುಳ ನಿಂತಿತು.

ಕನ್ನಡಕ ಅವಳ ತೋಳು ಬಿಗಿಯಾಗಿ ಹಿಡಿದಳು. ನೂರು ಉಸಿರು ಕಳೆಯಿತು. "ಬೈಯೋ," ಎಂದಳು ಸೌಟು ಹಲ್ಲು ಕಚ್ಚಿ. "ಬೈಯೋ ಪುಣ್ಯಾತ್ಮ, ನಿಲ್ಲಿಸಬೇಡ."

ಮತ್ತೆ ಕೇಳಿಸಿತು, ಗೋಡೆಯ ತಿರುವಿನಿಂದ, ಈ ಸಲ ಹತ್ತಿರ. ಮೊದಲು ಬಂದದ್ದು ಪೈಲ್ವಾನನ ಕೈ, ಬಂಡೆ ಸವರುತ್ತ. ಹಿಂದೆ ಒಬ್ಬರ ಅಂಗಿ ಒಬ್ಬರು ಹಿಡಿದು ಆರು ಜನ. ಅವಳು ಒಬ್ಬೊಬ್ಬರ ಭುಜ ಮುಟ್ಟಿ ಒಳಕ್ಕೆ ಕೂರಿಸಿದಳು. ಕೊನೆಗೆ ಕ್ಯಾಪ್ಟನ್, ಒಂದು ಬೂಟಿಲ್ಲದೆ, ದನಿ ಬಿದ್ದುಹೋಗಿದ್ದರೂ ಬೈಯುತ್ತಲೇ. ಅವನು ಗೋಡೆಗೆ ಒರಗಿ ಕುಸಿದ ಮೇಲೆ ಅವಳು ಒಳಜೇಬಿಗೆ ಕೈ ಹಾಕಿದಳು.

ಕಡ್ಡಿ ಒಂದೇ ಗೀರಿಗೆ ಹತ್ತಿತು. ಆ ಬೆಳಕಿನಲ್ಲಿ ಅವನು ಕಡ್ಡಿಯನ್ನು ನೋಡಿದ, ಅವಳ ಮುಖ ನೋಡಿದ, ತಾನು ಬಂದ ಕಡೆಯ ಕತ್ತಲನ್ನು ನೋಡಿದ. ಬಾಯಿ ಮುಚ್ಚಿತು.

"ಪುಳ್ಳೆ ಆರಿಸ್ಕೊಂಡು ಬಾ," ಎಂದಳು ಅವಳು. "ಗೋಡೆ ಬಿಡಬೇಡ."