ಬಸವಣ್ಣೆವ್ವನ ಜಳಕದ ಪಂಪು

ಪುಣೆಯಲ್ಲಿ ಬಸವಣ್ಣೆವ್ವನಿಗೆ ಸರಿಬಂದ ವಸ್ತು ಒಂದೂ ಇರಲಿಲ್ಲ. ಬೈಲಹೊಂಗಲದ ಕಡೆಯಿಂದ ಮಗ ಮುರುಗೆಪ್ಪನ ಹಿಂದೆ ಬಂದು ನಿಗಡಿ ಬಡಾವಣೆಯಲ್ಲಿ ನೆಲೆಯೂರಿ ಎಷ್ಟೋ ವರ್ಷವಾಗಿತ್ತು. ಆದರೂ ಇಲ್ಲಿಯ ಜೋಳಕ್ಕೆ ಜಿಗುಟಿಲ್ಲ, ಇಲ್ಲಿಯ ಮೆಣಸಿನಕಾಯಿಗೆ ಬಣ್ಣವಿಲ್ಲ, ಇಲ್ಲಿಯ ಜನಕ್ಕೆ ಬಂದವರನ್ನು ಒಳಗೆ ಕರೆಯುವ ರೀತಿ ಗೊತ್ತಿಲ್ಲ. ಇದನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಸುಮ್ಮನಿರುವ ಜಾಯಮಾನವೂ ಅವಳದಲ್ಲ. ಎದುರುಮನೆಯ ಮರಾಠಿ ಹೆಂಗಸು ಇಂದೂ ಸಂಕ್ರಾಂತಿಗೆ ಎಳ್ಳುಂಡೆ ತಂದುಕೊಟ್ಟರೆ, ಅವಳು ಬೆನ್ನು ತಿರುಗಿಸುವ ಮೊದಲೇ, "ಸೋಸಲಾರದ ನೀರಾಗ ಪಾಕಾ ಹಿಡದಿರತಾಳ. ಅತ್ತಾಗ ತಗದಿಡು" ಎಂದು ಸೊಸೆಗೆ ಹೇಳುವಳು. ಇಂದೂಗೆ ಕನ್ನಡ ಬರುತ್ತಿರಲಿಲ್ಲ. ಆ ಮಹಡಿಯ ನೆಮ್ಮದಿ ಉಳಿದದ್ದು ಅದರಿಂದಲೇ.

ನೀರು ಸೋಸುವುದು ಬಸವಣ್ಣೆವ್ವನ ನೇಮ. ಲಿಂಗ ಕಟ್ಟಿದವರು ಸೋಸದ ನೀರು ಮುಟ್ಟಬಾರದೆಂದು ತವರಿನಲ್ಲಿ ಕಲಿಸಿದ್ದರು, ಅವಳು ಕಲಿತಿದ್ದಳು. ತಮ್ಮ ಮನೆಯಲ್ಲಿ ನಳ ತಿರುವಿದರೂ ಸೋಸಿದ ನೀರೇ ಬರುವುದು, ಅಂಥ ಏರ್ಪಾಟು ತಾನು ಮಾಡಿಸಿದ್ದೇನೆ ಎಂದು ಊರಿಂದ ಬಂದವರಿಗೆಲ್ಲ ಹೇಳಿಕೊಳ್ಳುವಳು. ಕೇಳಿದವರು ತಲೆದೂಗುವರು. ತಲೆದೂಗದವರಿಗೆ ಎರಡನೆಯ ಸಲ ಚಹಾ ಸಿಗುತ್ತಿರಲಿಲ್ಲ.

ಎರಡು ಸಾವಿರದ ಮೂರರಲ್ಲಿ ಅವಳಿಗೆ ಲಕ್ವಾ ಹೊಡೆಯಿತು. ನಾಲಿಗೆಗೆ ಏನೂ ಆಗಲಿಲ್ಲ. ಬಲಗೈ ಮಾತ್ರ ಬಿದ್ದುಹೋಯಿತು, ಕಾಲು ತುಸು ಆಯ ತಪ್ಪಿತು. ಬಚ್ಚಲಲ್ಲಿ ಕೂತರೆ ಏಳಲಾರಳು. ನಿಂತರೆ ಗೋಡೆಯ ಹಿಡಿಕೆಯಿಂದ ಎಡಗೈ ಬಿಡಲಾರಳು. ತಂಬಿಗೆ ಎತ್ತಿ ನೀರು ಹಾಕಿಕೊಳ್ಳಲು ಕೈಯೇ ಉಳಿಯಲಿಲ್ಲ. ಹೀಗಾಗಿ ಬೆಳಗಾದರೆ ಸೊಸೆ ಶೈಲಶ್ರೀ ಜಳಕ ಮಾಡಿಸಬೇಕಾಯಿತು.

ಬಸವಣ್ಣೆವ್ವನಿಗೆ ಇದಕ್ಕಿಂತ ಸಾವು ವಾಸಿ ಎನಿಸುತ್ತಿತ್ತು. ಮದುವೆಯಾಗಿ ಬಂದಾಗಿನಿಂದ ಬೈದುಕೊಂಡು ಬಂದ ಸೊಸೆಯ ಎದುರು ಬತ್ತಲೆ ನಿಲ್ಲಬೇಕು, ಅವಳು ತಿರುಗು ಎಂದರೆ ತಿರುಗಬೇಕು. ನಾಚಿಕೆಯನ್ನು ಮುಚ್ಚಿಕೊಳ್ಳಲು ಅವಳಿಗೆ ಗೊತ್ತಿದ್ದ ದಾರಿ ಬಯ್ಗುಳವೊಂದೇ. "ಕೈ ಏನ ತಂಗಿ ಇವು, ಕತ್ತದ ಹಗ್ಗ ತಿಕ್ಕಿಧಾಂಗ ಆಗತೈತಿ." "ನೀರು ಸುಡತಾವ, ಕೋಳಿ ಪುಚ್ಚ ಕೀಳಾಕತ್ತೀಯೇನ?" ಶೈಲಶ್ರೀ ಬೆನ್ನು ಒರೆಸಿ, ಅದನ್ನು ತೊಡುತ್ತಾಳೆಂದು ಬಸವಣ್ಣೆವ್ವ ತನ್ನನ್ನು ಇಷ್ಟು ವರ್ಷ ಹಂಗಿಸಿದ್ದ ಮ್ಯಾಕ್ಸಿಯನ್ನೇ ಅತ್ತೆಯ ತಲೆಯ ಮೇಲಿಂದ ಇಳಿಬಿಟ್ಟು ಹೊರಟುಹೋಗುವಳು.

ಶಾವರು ಇತ್ತು, ಆದರೆ ಅದು ಇದ್ದೂ ಇಲ್ಲದಂತೆ. ಕಟ್ಟಡದ ಕೊನೆಯ ಮಹಡಿ, ತಮ್ಮ ಮನೆಯ ನೀರಿನ ಟಾಕಿ ನೆತ್ತಿಯ ಮೇಲೇ, ನೀರಿಗೆ ಬೀಳುವ ಜೋರಿಲ್ಲ. ತೊಟ್ಟಿಕ್ಕುವ ಆ ನೀರಿನಲ್ಲಿ ಒಂದು ಹೆಗಲು ನೆನೆಯುವಷ್ಟರಲ್ಲಿ ಇನ್ನೊಂದು ಒಣಗುತ್ತಿತ್ತು. ಪಂಪು ಹಾಕಿಸಿದರೆ ನೀರು ಭರ್ರನೆ ಬರುತ್ತದೆ, ಹಿಡಿಕೆ ಹಿಡಿದು ನಿಂತರೆ ಯಾರ ಕೈಯೂ ಬೇಡ ಎಂದು ಮುರುಗೆಪ್ಪನಿಗೆ ಆಫೀಸಿನಲ್ಲಿ ಯಾರೋ ಹೇಳಿದರು. ಅಂದಿನಿಂದ ಬಸವಣ್ಣೆವ್ವನಿಗೆ ಆ ಪಂಪಿನದೇ ಧ್ಯಾನ. ಬಾಗಿಲು ಹಾಕಿಕೊಂಡು ಒಬ್ಬಳೇ ಜಳಕ ಮಾಡಬೇಕು, ಅಷ್ಟಾದರೆ ಸಾಕು. ಬಾಯಲ್ಲಿ ಮಾತ್ರ, "ಅವನೌನ ಪಂಪು, ಪುಣೇದ ಪಂಪು ಎಷ್ಟ ದಿನಾ ಬಾಳಿಕಿ ಬಂದೀತು" ಎಂದಳು.

ಪಂಪು ಕೂರಿಸಲು ಬಂದವನು ಕೃಷ್ಣಾಜಿ. ಪ್ಲಂಬರಿನ ಕೆಲಸವೂ ಗೊತ್ತು, ಕರೆಂಟಿನ ಕೆಲಸವೂ ಗೊತ್ತು ಎಂದು ತಾನೇ ಹೇಳಿಕೊಳ್ಳುವವನು. ಎರಡೂ ಗೊತ್ತಿದ್ದವನು ಎಂದು ಬೇರೆ ಯಾರೂ ಹೇಳಿದ್ದು ಕೇಳಿಲ್ಲ. ಗಚ್ಚಿಯ ಮೇಲೆ ಟಾಕಿಯ ಪಕ್ಕ ಪಂಪು ಕೂರಿಸಿ, ಕೆಳಗೆ ಬಂದು ಶಾವರು ತಿರುವಿದ. ನೀರು ಭೋರ್ಗರೆಯಿತು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿ ನಗುವಷ್ಟರಲ್ಲಿ ಮೇಲೆ ಪಂಪು ಊಳಿಟ್ಟಿತು, ನೀರು ಎಳೆಯಾಗಿ ನಿಂತೇಹೋಯಿತು. ತುಸು ಹೊತ್ತು ಬಿಟ್ಟು ಮತ್ತೆ ತಿರುವಿದರೆ ಮತ್ತದೇ ಕಥೆ.

"ಟೆನ್ಶನ್ ನಕೋ ಆಜಿ," ಚಿಂತೆ ಬೇಡ ಅಜ್ಜಿ, ಎಂದ ಕೃಷ್ಣಾಜಿ. ಪೈಪಿನಲ್ಲಿ ಗಾಳಿ ಸೇರಿದೆ ಎಂದು ಜೋಡಣೆ ಬಿಚ್ಚಿ ಗಾಳಿ ಬಿಟ್ಟ. ಆಗಲಿಲ್ಲ. ಮುರುಗೆಪ್ಪ ಪಂಪಿನ ಜೊತೆ ಬಂದ ಮಾಹಿತಿಯ ಹಾಳೆ ಓದಿ, ಲೋಡ್ ಶೆಡ್ಡಿಂಗಿನ ಕಾಲದಲ್ಲಿ ಓಲ್ಟೇಜು ಸಾಲುತ್ತಿಲ್ಲ ಎಂದು ತೀರ್ಪು ಕೊಟ್ಟ. ಸಾಲುತ್ತಿತ್ತು. ಶಾವರಿನ ತೂತು ಸಣ್ಣದೆಂದು ಹೊಸ ಶಾವರು ತಂದರು. ಅದರಲ್ಲೂ ನೀರು ಮೊದಲು ಅಬ್ಬರಿಸಿ ಆಮೇಲೆ ಸತ್ತಿತು. ಬಚ್ಚಲಿನ ಎದುರು ಕುರ್ಚಿ ಹಾಕಿಸಿಕೊಂಡು ಕೂತ ಬಸವಣ್ಣೆವ್ವ ಒಂದೊಂದಕ್ಕೂ ಒಂದೊಂದು ಮಾತು ಸೇರಿಸುತ್ತಿದ್ದಳು.

"ಮುರಗ್ಯಾ, ಇವಂಗ ಯಾರ ಹೇಳ್ಯಾರೋ ಪಂಪಿನ ಕೆಲಸಾ ಬರತದಂತ? ಎಮ್ಮಿ ಮೈ ತೊಳಿಯಾಕ ಹಚ್ಚಿದ್ರ ಎಮ್ಮಿನೂ ಒದೀತದ ಇವಂಗ."

"ಯವ್ವಾ, ಸ್ವಲ್ಪ ಸುಮ್ಮಕಿರಬೇ. ಅವಂಗ ತಿಳೀತದ."

"ತಿಳದ್ರ ತಿಳೀಲಿ. ತಿಳದರs ಕೆಲಸಾ ಮಾಡ್ಯಾನ."

ಕೊನೆಗೆ ಕೃಷ್ಣಾಜಿ, ಟಾಕಿ ಬರಿದು ಮಾಡಿ ಒಳಗೆ ಕೈ ಹಾಕಿ ನೋಡಬೇಕು ಎಂದ. ಅದೇನು ಅವನಿಗೆ ಹೊಳೆದ ಜ್ಞಾನವಲ್ಲ, ಹೇಳಲು ಬೇರೇನೂ ಉಳಿದಿರಲಿಲ್ಲ. ಬಸವಣ್ಣೆವ್ವ ಕುರ್ಚಿಯಿಂದ ಅರ್ಧ ಎದ್ದಳು. "ನನ್ನ ಲಿಂಗದ ಮ್ಯಾಲ ಹಾಕೂ ನೀರಾಗ ಇವನ ಕೈಯೇನ? ನಾ ಜೀವಂತ ಇರೂತನಕಾ ಆಗೂದಿಲ್ಲ!" ಆ ಟಾಕಿಗೆ ನೀರು ಏರಿಸುವವನು ಕಟ್ಟಡದ ಕಾವಲುಗಾರ. ಅಲ್ಲಿಗೆ ಬರುವ ಮೊದಲು ಆ ನೀರು ಎಷ್ಟು ಕೈ, ಎಷ್ಟು ಗುಂಡಿ, ಎಷ್ಟು ತುಕ್ಕು ಹಿಡಿದ ಕೊಳವೆ ದಾಟಿತ್ತೋ ಯಾರು ಕಂಡವರು. ಅದಾವುದೂ ಅವಳಿಗೆ ಅಡ್ಡಿ ಇರಲಿಲ್ಲ, ಕೃಷ್ಣಾಜಿಯ ಕೈಯೊಂದು ಮಾತ್ರ ಆಗುತ್ತಿರಲಿಲ್ಲ. ಮಡಿಯ ಲೆಕ್ಕ ಯಾವತ್ತೂ ಹೀಗೇ, ಬಡವನ ಕೈ ಕಂಡಾಗಲೇ ನೆನಪಾಗುತ್ತದೆ.

ಕೃಷ್ಣಾಜಿ ಹೆಗಲು ಕುಣಿಸಿ, ಹಾಗಾದರೆ ಪಂಪೇ ಕೆಟ್ಟದ್ದು, ಬಿಚ್ಚಿ ಅಂಗಡಿಗೆ ವಾಪಸು ಕೊಡಿ ಎಂದ. ಭಾನುವಾರ ಬೆಳಿಗ್ಗೆ ಬಿಚ್ಚುವುದೆಂದು ಗೊತ್ತಾಯಿತು.

ಭಾನುವಾರ ಬೆಳಿಗ್ಗೆ ಕೃಷ್ಣಾಜಿ ಬಂದ. ಮುರುಗೆಪ್ಪ ತಾನೂ ಕೈ ಹಚ್ಚುವ ಹುರುಪಿನಲ್ಲಿ ನಟ್ಟು ಬಿಚ್ಚುವ ಪಾನಾ ಹಿಡಿದು ನಿಂತಿದ್ದ. ಮೇಲೆ ಹೋಗುವ ಮುಂಚೆ ಚಹಾ ಆಗಲಿ ಎಂದು ಶೈಲಶ್ರೀ ಒಲೆ ಹಚ್ಚಿದಳು. ಗಾಳಣಿ ಮುರಿದಿದ್ದರಿಂದ ಅರಿವೆಯಲ್ಲೇ ಸೋಸತೊಡಗಿದಳು. ಬಸವಣ್ಣೆವ್ವ ಅಡುಗೆಮನೆಯ ಬಾಗಿಲಲ್ಲಿ ಕೂತು, ಸೊಸೆ ಚಹಾ ಚೆಲ್ಲಿದರೆ ಒಂದು ಮಾತು ಅನ್ನಬಹುದೆಂದು ಕಣ್ಣಿಟ್ಟು ನೋಡುತ್ತಿದ್ದಳು. ಮೊದಲು ಚಹಾ ದಳದಳ ಇಳಿಯಿತು. ಆಮೇಲೆ ಪುಡಿಯೆಲ್ಲ ಅರಿವೆಯ ಹೊಟ್ಟೆಯಲ್ಲಿ ಕೂತು ಹನಿಯೂ ನಿಂತಿತು. ಶೈಲಶ್ರೀ ಅರಿವೆ ಸಡಿಲಿಸಿ ಕೊಡವಿದಳು. ಮತ್ತೆ ಇಳಿಯಿತು, ಮತ್ತೆ ನಿಂತಿತು.

ಬಸವಣ್ಣೆವ್ವನಿಗೆ ಟಾಕಿಯೊಳಗಿನ ಅರಿವೆ ನೆನಪಾಯಿತು.

ಈ ಮನೆಗೆ ಬಂದ ಹೊಸತರಲ್ಲಿ, ತೊಂಬತ್ತೈದರಲ್ಲಿ, ಅವಳು ನಳಕ್ಕೆ ಕಟ್ಟಿದ ಅರಿವೆಯನ್ನೆಲ್ಲ ಸೊಸೆ ಪಾತ್ರೆ ತಿಕ್ಕುವಾಗ ಕಿತ್ತುಹಾಕುತ್ತಿದ್ದಳು. ಆಗ ಬಸವಣ್ಣೆವ್ವ ಮುರುಗೆಪ್ಪನನ್ನು ಟಾಕಿಯೊಳಗೆ ಇಳಿಸಿ, ನೀರು ಕೆಳಗಿಳಿಯುವ ಪೈಪಿನ ಬಾಯಿಗೇ ಎರಡು ಪದರ ಬಿಳಿ ಅರಿವೆ ಕಟ್ಟಿಸಿದ್ದಳು. ಮೇಲೆ ಒಂದು ಸಲ ಕಟ್ಟಿದರೆ ಕೆಳಗಿನ ಅಷ್ಟೂ ನಳಗಳಲ್ಲಿ ಸೋಸಿದ ನೀರು. ಆ ದೊಡ್ಡ ಏರ್ಪಾಟು ಎಂದರೆ ಇದು. ಊರಲ್ಲಿ ಕೊಡದ ಅರಿವೆಯನ್ನು ದಿನಾ ಸಂಜೆ ಒಗೆಯುತ್ತಿದ್ದವಳು, ಕಣ್ಣಿಗೆ ಕಾಣದ ಈ ಅರಿವೆಯನ್ನು ಮತ್ತೆ ನೆನೆಸಿಕೊಂಡದ್ದೇ ಇಲ್ಲ. ಕಟ್ಟಿದ ಮಗನೂ ಮರೆತಿದ್ದ. ಪಂಪು ನೀರೆಳೆದ ಕೂಡಲೇ ಆ ಅರಿವೆ ಪೈಪಿನ ಬಾಯಿಗೆ ಬಿಗಿಯಾಗಿ ಅಂಟುತ್ತಿತ್ತು. ಪಂಪು ನಿಂತರೆ ಸಡಿಲುತ್ತಿತ್ತು.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪಂಪು ಅಂಗಡಿಗೆ ಹೋಗುತ್ತಿತ್ತು, ಕೃಷ್ಣಾಜಿ ಕೊನೆವರೆಗೂ ದಡ್ಡನಾಗಿರುತ್ತಿದ್ದ, ಅವಳ ಮಾತು ಗೆಲ್ಲುತ್ತಿತ್ತು. ನಾಳೆ ಬೆಳಿಗ್ಗೆ ಮಾತ್ರ ಮತ್ತೆ ಸೊಸೆಯ ಮುಂದೆ ನಿಲ್ಲಬೇಕು, ನಾಡಿದ್ದೂ ನಿಲ್ಲಬೇಕು, ಸಾಯುವತನಕ ನಿಲ್ಲಬೇಕು. ಚಹಾ ಕುಡಿದು ಗಂಡಸರು ಎದ್ದರು. ಚಪ್ಪಲಿ ಮೆಟ್ಟಿಕೊಂಡರು.

"ಮುರಗ್ಯಾ," ಎಂದಳು. "ಪಂಪ ಬಿಚ್ಚಬ್ಯಾಡ. ಟಾಕ್ಯಾಗ ನಾ ಕಟ್ಟಿಸಿದ್ದ ಅರಿವಿ ಅದ ನೋಡು. ಅದನ್ನ ತಗೀರಿ." ಆಮೇಲೆ, ಕೇಳಿಸಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ, "ಅಂವಾ ಇಳದ್ರೂ ನಡೀತದ" ಎಂದು ಸೇರಿಸಿದಳು.

ಅವರು ಕೆಳಗೆ ತಂದದ್ದನ್ನು ಅರಿವೆ ಎಂದು ಗುರುತಿಸುವುದೇ ಕಷ್ಟವಾಗಿತ್ತು. ಕಪ್ಪು ಹಸಿರು ಲೋಳೆ, ಅದರಲ್ಲಿ ಜಿರಳೆಯ ರೆಕ್ಕೆ, ಹಲ್ಲಿಯದೋ ಯಾವುದರದೋ ಬಾಲ. ಇಂದೂ ಸೋಸದ ನೀರು ಕುಡಿಯುತ್ತಾಳೆಂದು ಮೂಗು ಮುರಿದವಳ ಮನೆಯ ನೀರು ಇಷ್ಟು ವರ್ಷ ಇದರೊಳಗಿಂದ ಸೋಸಿ ಬರುತ್ತಿತ್ತು. ಕೃಷ್ಣಾಜಿ, ನಾನು ಮೊದಲೇ ಹೇಳಿದ್ದೆನಲ್ಲ ಎಂದು ಎದೆಯುಬ್ಬಿಸಿದ. ಹತ್ತು ಸುಳ್ಳು ಕಾರಣ ಹೇಳಿದ ಮೇಲೆ ಹನ್ನೊಂದನೆಯದು ತಾಕಿದರೆ ಎಂಥವನೂ ಹೀಗೇ ಉಬ್ಬುತ್ತಾನೆ. ಹೊಸದೊಂದು ತೆಳು ಅರಿವೆ ಕಟ್ಟಬಹುದೇ ಎಂದು ಮುರುಗೆಪ್ಪ ಕೇಳಿದ್ದಕ್ಕೆ ಕೈಮುಗಿದ. ಅರಿವೆ ಬೇಕೋ ಪಂಪು ಬೇಕೋ ನೋಡಿಕೊಳ್ಳಿ ಎಂದ.

"ಪಂಪು," ಎಂದಳು ಬಸವಣ್ಣೆವ್ವ.

ಶೈಲಶ್ರೀ ಆ ಲೋಳೆಯನ್ನು ನೋಡಿದಳು, ಅತ್ತೆಯನ್ನು ನೋಡಿದಳು. ಅನ್ನಬೇಕೆಂದರೆ ಅವಳ ಹತ್ತಿರ ಹದಿನೈದು ವರ್ಷದ ಮಾತು ಕೂಡಿಬಿದ್ದಿತ್ತು. ಅವಳು ಆ ಅರಿವೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಗಂಟು ಕಟ್ಟಿದಳು. ಬಸವಣ್ಣೆವ್ವನಿಗೆ ಮುಖದ ಮೇಲೆ ಹೊಡೆದಷ್ಟು ನಾಚಿಕೆಯಾಯಿತು.

ಟಾಕಿ ತೊಳೆದು ತುಂಬಿದ ಮೇಲೆ ಅವಳು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನೀರು ಈ ಸಲ ನಿಲ್ಲಲಿಲ್ಲ. ಸೋಸದ ನೀರು ತಲೆಯ ಮೇಲಿಂದ ಬೆನ್ನಿಗೆ, ಬೆನ್ನಿನಿಂದ ಕಾಲಿಗೆ ಧೋ ಎಂದು ಸುರಿಯಿತು. "ಏನ ಚುಚ್ಚತಾವ ಈ ನೀರು, ಸೂಜಿ ಇದ್ಧಾಂಗ" ಎಂದು ಒಳಗಿನಿಂದಲೇ ಬೈದಳು, ಬೈಯುತ್ತ ಬಿಸಿನೀರು ತೀರುವವರೆಗೂ ನಿಂತಳು. ಅಷ್ಟು ಸುಖ ಅವಳಿಗೆ ಬಹಳ ದಿನಗಳಿಂದ ಆಗಿರಲಿಲ್ಲ.

ಆಮೇಲೆ ಪೂಜೆಗೆ ಕೂತಳು. ಸತ್ತ ಬಲಗೈಯನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ, ಅದರಲ್ಲಿ ಲಿಂಗವಿಟ್ಟು, ಎಡಗೈಯಿಂದ ನೀರೆರೆಯುವುದು ಅವಳ ಹೊಸ ರೂಢಿ. ಆದರೆ ಇಂದು ತಂಬಿಗೆಯಲ್ಲಿದ್ದದ್ದು ಸೋಸದ ನೀರು. ಒಗೆದ ಅರಿವೆಯೊಂದನ್ನು ಬಟ್ಟಲ ಮೇಲೆ ಹರಡಿ ತಂಬಿಗೆ ಬಗ್ಗಿಸಿದಳು. ಅರಿವೆ ಜಾರಿ ಬಟ್ಟಲಲ್ಲಿ ಬಿತ್ತು. ಮತ್ತೆ ಹರಡಿದಳು, ಮತ್ತೆ ಬಿತ್ತು. ಹಲ್ಲಲ್ಲಿ ಕಚ್ಚಿ ಹಿಡಿಯಲು ಹೋದಳು. ಎಂಜಲಾಗುತ್ತದೆಂದು ಬಿಟ್ಟಳು. ಸೋಸುವುದಕ್ಕೆ ಎರಡು ಕೈ ಬೇಕು. ಮನೆಯಲ್ಲಿ ಬೇರೆ ಕೈ ಎಂದರೆ ಶೈಲಶ್ರೀಯದು. ಕೊರಳಲ್ಲಿ ಲಿಂಗ ಇಟ್ಟುಕೊಳ್ಳುವುದಿಲ್ಲ ಎಂಬ ಕಾರಣಕ್ಕೆ ಅವಳನ್ನು ಪೂಜೆಯ ನೀರಿನ ಹತ್ತಿರ ಬಸವಣ್ಣೆವ್ವ ಒಂದು ದಿನವೂ ಸುಳಿಯಗೊಟ್ಟಿರಲಿಲ್ಲ.

"ಶೈಲಾ," ಎಂದು ಕೂಗಿದಳು. "ಬಾ ಇಲ್ಲೆ. ಈ ಅರಿವಿ ಹಿಡಿ."

ಶೈಲಶ್ರೀ ಬಾಗಿಲಲ್ಲೇ ನಿಂತಳು. "ನಾ ಮುಟ್ಟಬಹುದೇನ್ರಿ ಅತ್ತಿ?"

"ಇಷ್ಟ ವರ್ಷ ಆ ಹೊಲಸ ನೀರು ಎರದೇನಿ ಶಿವನ ಮ್ಯಾಲ. ಅವನs ತಡಕೊಂಡಾನ. ನಿನ್ನ ಕೈಗೆ ಏನಾಗೇದ?" ಬಸವಣ್ಣೆವ್ವ ತಲೆ ಎತ್ತಲಿಲ್ಲ. "ನಾ ತಪ್ಪಿದೆ. ಬಿಗೀ ಹಿಡಿ, ಸಡ್ಲ ಬಿಡಬ್ಯಾಡ."

ಶೈಲಶ್ರೀ ಎದುರಿಗೆ ಕೂತು ಎರಡೂ ಕೈಯಿಂದ ಅರಿವೆ ಹಿಡಿದಳು.