ಮಂಗಳ ಹಾಡಿದ ಮೇಲೆ

ಸಂಜೆ ನಾಲ್ಕು ಇಪ್ಪತ್ತಕ್ಕೆ ನಾವು ಮಂಗಳ ಹಾಡಿದೆವು. ತಪ್ಪಿದ್ದು ಅಲ್ಲಿಂದಲೇ.

ಅಣ್ಣಿಗೇರಿಯ ಅಂಚಿನ ಆ ವೃದ್ಧಾಶ್ರಮದಲ್ಲಿ ಮರೆವಿನ ಕಾಯಿಲೆಯವರು ಒಂಬತ್ತು ಮಂದಿ. ಅವರೊಂದಿಗೆ ಹಾಡುವುದನ್ನು ಆಯಾಗಳಿಗೆ ಕಲಿಸಲು ನಾನು ವಾರಕ್ಕೊಮ್ಮೆ ಹುಬ್ಬಳ್ಳಿಯಿಂದ ರೈಲಿಗೆ ಹೋಗುತ್ತಿದ್ದೆ. ಪ್ರತಿ ಸಲ ಒಂದೇ ಹಾಡಿನಿಂದ ಮುಗಿಸಬೇಕು, ಆಗ ಮುಗಿಯಿತೆಂದು ಅವರಿಗೆ ತಿಳಿಯುತ್ತದೆ ಎಂದು ನಾನೇ ಹೇಳಿಕೊಟ್ಟಿದ್ದೆ. ಭಜನೆಯ ಕೊನೆಗೆ ಹಾಡುವ ಮಂಗಳವೇ ಅದಕ್ಕೆ ಸರಿ ಎನಿಸಿತ್ತು.

ಅಲ್ಲಿದ್ದ ಒಬ್ಬ ಮುದುಕರು ಜೀವನವಿಡೀ ಭಜನೆಯಲ್ಲಿ ತಾಳ ಬಾರಿಸಿದವರು. ಮಗಳ ಹೆಸರು ಮರೆತಿದ್ದರೂ ಲಯ ತಪ್ಪುತ್ತಿರಲಿಲ್ಲ. ಅಂದು ಮೊದಲ ಸಲ ಹಾಡಿದ ಮಂಗಳ ಮುಗಿದಾಗ ಎದ್ದು, ಕೈಮುಗಿದು ಹೊರಟರು. ನಾವು ಚಹಾದ ಲೋಟ ಜೋಡಿಸುತ್ತಿದ್ದೆವು. ಹುಡುಕುತ್ತಾ ಹಿತ್ತಲಿನಾಚೆ ಓಡಿದಾಗ, ಅವರು ರೈಲು ಹಳಿಗಳ ನಡುವೆ ತಾಳ ಬಾರಿಸುತ್ತಾ ನಡೆಯುತ್ತಿದ್ದರು. ಹಿಂದಿನಿಂದ ಗಾಡಿ ಕೂಗುತ್ತಿತ್ತು. ಹತ್ತಿರವಿದ್ದವಳು ನಾನೇ. ಜಲ್ಲಿಕಲ್ಲಿನ ಮೇಲೆ ನನ್ನ ಕಾಲು ಕದಲಲಿಲ್ಲ. ಹಿರಿಯ ಆಯಾ ನನ್ನನ್ನು ಪಕ್ಕಕ್ಕೆ ತಳ್ಳಿ ಓಡಿ, ಅವರ ಅಂಗಿ ಹಿಡಿದು ಈಚೆ ಎಳೆದಳು. ಇಬ್ಬರೂ ಬಿದ್ದರು. ಗಾಡಿ ಹೋಯಿತು.

"ಮನಿಗಿ ಹೊಂಟಿದ್ನವಾ. ಮಂಗಳಾತಲ್ಲ?" ಎಂದರು ಮುದುಕರು.

ಆಯಾ ಮೊಣಕೈಯ ರಕ್ತ ಒರೆಸಿಕೊಂಡು ನನ್ನ ಕಡೆ ತಿರುಗಿದಳು. "ಮಂಗಳಾ ಹಾಡಿದ್ರ ಮಂದಿ ಮನಿಗಿ ಹೋಗ್ತಾರ್ರಿ ಮೇಡಂ. ಇಷ್ಟ ಓದೀರಿ, ಇದು ಗೊತ್ತಿಲ್ಲೇನ್ರಿ?"

ಆಶ್ರಮದ ಮೇಲ್ವಿಚಾರಕರು ನಮ್ಮ ಹಾಡಿನ ಕಾರ್ಯಕ್ರಮ ನಿಲ್ಲಿಸಿದರು. ಮುದುಕರ ಕೋಣೆಗೆ ಹೊರಗಿನಿಂದ ಚಿಲಕ ಬಿತ್ತು. ಅವರು ಊಟ ಬಿಡುತ್ತಿದ್ದಾರೆಂದು ಆಯಾ ತಿಳಿಸಿದಳು. ನನ್ನ ಬಾಡಿಗೆ ಕೋಣೆಯಲ್ಲಿ ಇದನ್ನು ಹೇಳಿಕೊಳ್ಳಲು ಯಾರೂ ಇರಲಿಲ್ಲ. ರಾತ್ರಿ ಮಲಗಿ ಕಣ್ಣು ಮುಚ್ಚಿದರೆ ಆಯಾ ನನ್ನನ್ನು ದಾಟಿ ಓಡುತ್ತಿದ್ದಳು. ಪ್ರತಿ ಸಲವೂ ನಾನು ನಿಂತೇ ಇರುತ್ತಿದ್ದೆ.

ಮೂರು ವಾರದ ಮೇಲೆ ಅವಳದೇ ಫೋನ್. "ಬರ್ರಿ. ಸಾಹೇಬ್ರು ಒಂದ್ ಸಲ ನೋಡೂಣು ಅಂದಾರ. ಸರಿ ಹೋದ್ರ ಚಿಲಕಾ ತಗೀತಾರಂತ. ಮಂಗಳಾ ಮಾತ್ರ ಬ್ಯಾಡ."

ರೈಲು ಹತ್ತಲಾಗದೆ ಬಸ್ಸಿಗೆ ಹೋದೆ. ಅಂದು ಹಾಡು ಮುಗಿಯುವ ಮೊದಲೇ ಚಹಾ ಬಂತು. ಆಯಾ ಹಾಡುತ್ತಲೇ ಲೋಟ ಹಂಚಿದಳು. ಹಾಡು ಅರ್ಧದಲ್ಲೇ ಮೆಲ್ಲಗೆ ಮಾತಾಯಿತು. ಮುದುಕರು ಸುತ್ತ ನೋಡಿದರು.

"ಮಂಗಳಾ ಯಾವಾಗ ಬೇ?"

"ಇನ್ನೂ ಅಗದಿ ತಡಾ ಐತ್ರಿ ಕಾಕಾ. ನೀವು ಹ್ವಾದ್ರ ತಾಳಾ ಬಾರ್ಸಾವ್ರು ಯಾರು, ಈ ಮೇಡಂ?"

ಅವರು ನನ್ನನ್ನು ಅಳೆಯುವಂತೆ ನೋಡಿ, ನಕ್ಕು, ಕೂತೇ ಚಹಾ ಕುಡಿದರು. ಮೇಲ್ವಿಚಾರಕರು ಅಂದೇ ಚಿಲಕ ತೆಗೆಸಿದರು.

ಹುಬ್ಬಳ್ಳಿಗೆ ಮರಳಿ, ಒಬ್ಬಳೇ ಉಂಡು ಮಲಗಿದೆ. ಎಚ್ಚರವಾದಾಗ ಕಿಟಕಿಯಲ್ಲಿ ಬಿಸಿಲಿತ್ತು.