ಫುಟ್‌ಬಾಲ್ ಕೋಚಿಗೆ ಇಟ್ಟ ಗಂಧ

ಬೆಳಗ್ಗೆ ದೇವರಿಗೆ ಗಂಧ ತೇಯುತ್ತಾ ಒಬ್ಬಳೇ ನಕ್ಕೆ. ಯಾಕೆ ಅಂತ ನೀವು ಕೇಳದಿದ್ದರೂ ಹೇಳುತ್ತೇನೆ. ಇವತ್ತು ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುತ್ತಿಲ್ಲ.

ಆಗ ನಾನು ಅಮೆರಿಕದಲ್ಲಿ ಮಗಳ ಮನೆಯಲ್ಲಿದ್ದೆ; ಅವರ ಊರು ಮೌಂಟನ್ ವ್ಯೂನಲ್ಲಿ ಯಾರನ್ನು ಕಂಡರೂ ಡಾಟ್‌ಕಾಮ್, ಷೇರು ಅನ್ನುತ್ತಿದ್ದ ಕಾಲ. ಮಗಳೂ ಅಳಿಯನೂ ಆಫೀಸಿನಿಂದ ಬರುವಷ್ಟರಲ್ಲಿ ಅನ್ನ ಆರಿರುತ್ತಿತ್ತು. ಹಾಗಾಗಿ ಐದನೇ ಕ್ಲಾಸಿನ ಮೊಮ್ಮಗಳು ನಂದುವಿನ ಹೋಂವರ್ಕು ನಾಲ್ಕನೇ ಕ್ಲಾಸು ಓದಿದ ನನ್ನ ಪಾಲಿಗೆ ಬಂತು. ನೂರು ವರ್ಷದ ಹಿಂದಿನ ಕಾಲೇಜು ಫುಟ್‌ಬಾಲ್ ಕೋಚೊಬ್ಬನ ಕಥೆಯನ್ನು ಅವಳು ಕ್ಲಾಸಿನ ಮುಂದೆ ನಿಂತು ಹೇಳಬೇಕಿತ್ತು. ಮನೆಯಲ್ಲಿ ಗಿಣಿ, ಶಾಲೆಯಲ್ಲಿ ತುಟಿ ಪಿಟಿಕ್ಕೆನ್ನದವಳು. ಈ ಸಲವೂ ಬಾಯಿ ಬಿಡದಿದ್ದರೆ ಹಿಂದುಳಿದ ಮಕ್ಕಳ ಬೇರೆ ಕ್ಲಾಸಿಗೆ ಹಾಕುತ್ತೇವೆ ಎಂದು ಟೀಚರು ಮಗಳಿಗೆ ಹೇಳಿದ್ದರು.

ಕಾಲಲ್ಲಿ ಒದೆಯುವ ನಮ್ಮ ಫುಟ್‌ಬಾಲ್ ಅಲ್ಲ, ಅಮೆರಿಕದವರದೇ ಬೇರೆ; ಆ ಆಟ ನನಗೆ ತಿಳಿಯದು. ಟಿವಿಯಲ್ಲಿ ನೋಡಿದ್ದೇನೆ: ಒಬ್ಬ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಓಡುತ್ತಾನೆ, ಉಳಿದವರು ಅವನ ಮೇಲೆ ಮೂಟೆಗಳ ಹಾಗೆ ಬೀಳುತ್ತಾರೆ. ಕೋಚು ಮಾತ್ರ ನನಗೆ ಹಿಡಿಸಿದ. ಆಡುವವರ ತಲೆಗೆ ಟೊಪ್ಪಿಯೂ ಇಲ್ಲದ ಕಾಲದಲ್ಲಿ, ಮೂಳೆ ಮುರಿಯದ ಹಾಗೆ ಬೀಳುವುದು ಹೇಗೆಂದು ತಾನೇ ಬಿದ್ದು ತೋರಿಸುತ್ತಿದ್ದನಂತೆ. ಮೊದಲ ಕಾಲೇಜಿನಲ್ಲಿ ಬರೀ ಸೋಲು, ಕಳಿಸಿಬಿಟ್ಟರು. ಎರಡನೆಯದರಲ್ಲೂ ಹಾಗೇ. ಮೂರನೆಯದರಲ್ಲಿ ಗೆದ್ದು ಹೆಸರಾದ. ಮುದುಕನಾದ ಮೇಲೂ ಯಾವುದೋ ಸಣ್ಣ ಕಾಲೇಜಿನಲ್ಲಿ, ನೋಡುವವರಿಲ್ಲದಿದ್ದರೂ, ಕಲಿಸುತ್ತಲೇ ಇದ್ದ. ನಂದು ಇದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳುವಳು, ನನಗಾಗಿ ಮುರುಕು ಕನ್ನಡದಲ್ಲಿ ಇನ್ನೊಮ್ಮೆ. ವಾರದಲ್ಲಿ ನನಗೇ ಬಾಯಿಪಾಠವಾಯಿತು.

ನಂದು ಕಥೆ ಹೇಳಬೇಕಿದ್ದ ದಿನ ಬೆಳಗ್ಗೆ ಅವನ ಫೋಟೋ ಅಂಟಿಸಿದ ಚಾರ್ಟು ದೇವರ ಗೂಡಿನ ಪಕ್ಕ ಒರಗಿತ್ತು. ಆಗತಾನೇ ಪೂಜೆ ಮುಗಿಸಿದ ಕೈ. ತೀರಿಹೋದ ಹಿರಿಯರ ಹಣೆ ಬರಿದಾಗಿದ್ದರೆ ಆ ಕೈ ಸುಮ್ಮನಿರುತ್ತದೆಯೇ? ಗಂಧ ಇಟ್ಟು ಮೇಲೊಂದು ಕುಂಕುಮವನ್ನೂ ಇಟ್ಟೇಬಿಟ್ಟಿತು.

"ಅಮ್ಮ, ಏನ್ ಮಾಡ್ದೆ ನೀನು? ಕ್ಲಾಸಲ್ಲಿ ಮಕ್ಳು ನಗಲ್ವಾ?" ಎಂದು ಮಗಳು ಒರೆಸಲು ಹೋದಳು, ಕುಂಕುಮ ಅವನ ಕಿವಿಯವರೆಗೂ ಹರಡಿತು. ಹೊತ್ತಾಗಿತ್ತು, ಹಾಗೇ ಹೋದರು. ನನಗೆ ಊಟ ಸೇರಲಿಲ್ಲ. ಕೂಸಿನ ಬಾಯನ್ನು ನಾನೇ ಮುಚ್ಚಿಸಿದೆನಲ್ಲ ಎಂಬ ಸಂಕಟ. ಶಾಲೆ ಬಿಡುವ ಮೊದಲೇ ಹೋಗಿ ಗೇಟಿನಲ್ಲಿ ನಿಂತೆ.

"ನಕ್ರಾ ಮಗಾ?"

"ನಕ್ಕರು. ಐ ಗಾಟ್ ಸೋ ಮ್ಯಾಡ್, ಅಜ್ಜಿ. ನಗಬೇಡಿ, ಕಲಿಸಿದೋರಿಗೆ ನಮ್ಮನೇಲಿ ಹೀಗೇ ಇಡ್ತಾರೆ ಅಂದೆ."

"ಆಮೇಲೆ?"

"ಆಮೇಲೆ ಐ ಜಸ್ಟ್ ಕೆಪ್ಟ್ ಟಾಕಿಂಗ್."

ಕೋಚು ಸೋತದ್ದು, ಅವನನ್ನು ಕಳಿಸಿದ್ದು ಎಲ್ಲ ಹೇಳಿ, ಕಾರ್ಪೆಟ್ಟಿನ ಮೇಲೆ ತಾನೂ ಒಮ್ಮೆ ಬಿದ್ದು ತೋರಿಸಿದಳಂತೆ. ಕೊನೆಗೆ ಟೀಚರೇ ಸಾಕು, ಕೂತುಕೋ ಎನ್ನಬೇಕಾಯಿತಂತೆ. ಬೇರೆ ಕ್ಲಾಸಿನ ಮಾತು ಮತ್ತೆ ಬರಲಿಲ್ಲ.

ಆ ನಂದು ಈಗ ಕಾಲೇಜಿನಲ್ಲಿ ಕಲಿಸುವವಳು; ಇವತ್ತು ತನ್ನ ಮೊದಲ ಪಾಠ ಮಾಡಿದಳು. ಹೆದರಿಕೆ ಆಯಿತೇ ಎಂದು ಫೋನಿನಲ್ಲಿ ಕೇಳೋಣವೆಂದಿದ್ದೆ. ಅವಳು ಬಿಟ್ಟರೆ ತಾನೇ. ಮುಕ್ಕಾಲು ಗಂಟೆ ಅವಳೇ ಮಾತಾಡಿದಳು; ನಾನು ಹೂಂಗುಟ್ಟಿದೆ.